ಕಾಕಿಯ ಕೋಣೆಗೆ ಎರಡು ಬಣ್ಣ

ನಮ್ಮ ಕಾಕಾ ಮದುವೆಗೆ ಹೆಣ್ಣು ನೋಡಿ ಒಪ್ಪಿದ್ದು ಅರ್ಧ ಗಂಟೆಯಲ್ಲಿ. ಅದೇ ಕಾಕಿಯ ಕೋಣೆಗೆ ಬಣ್ಣ ಒಪ್ಪಲು ಹಿಡಿದದ್ದು ಹನ್ನೊಂದು ದಿನ! ದಿನಚರಿ ತೆಗೆದು ನೋಡಿದೆ, ಅದರಲ್ಲಿ ಒಂಬತ್ತು ಎಂದಿದೆ. ಕಾಕಾರ ವಿಷಯ ಬಂದರೆ ನನ್ನ ನೆನಪು ಒಂದೆರಡು ಗಜ ಹೆಚ್ಚೇ ನೇಯುತ್ತದೆ.

ಕಾಕಿ ಗಡಹಿಂಗ್ಲಜದಲ್ಲಿ ಮಗಳ ಮನೆಯಲ್ಲಿದ್ದರು. ನಮ್ಮೂರು ಇಚಲಕರಂಜಿಯ ವಿದ್ಯುತ್ ಮಗ್ಗಗಳ ಸದ್ದಿಗೆ ಅವರ ಕಿವಿ ಎಂದೋ ಹೋಗಿತ್ತು. ಈಗ ಆಪರೇಶನ್ ಆದರೂ ಕಣ್ಣು ಮಂಜುಮಂಜು. ಸೋಮವಾರ ಅವರು ಬರುವುದರೊಳಗೆ ಕೋಣೆ ಸಿದ್ಧವಾಗಬೇಕು. ಕಣದಲ್ಲಿ ಉಳಿದದ್ದು ಎರಡು ಬಣ್ಣ: ಕಾಕಾರ ಪ್ರಾಣಪ್ರಿಯ ಕಡುನೀಲಿ, ನಾನು ಹೇಳಿದ ತಿಳಿಹಳದಿ.

"ಅದು ಬಣ್ಣಲ್ಲ, ಕಾಮಾಲಿ," ಎಂದರು ಕಾಕಾ.

ಬೇರೆಯವರಾದರೆ ಗೋಡೆಗೆ ಎರಡು ಪಟ್ಟೆ ಬಳಿದು ನೋಡುತ್ತಾರೆ. ನಲವತ್ತು ವರ್ಷ ಮಗ್ಗ ನಡೆಸಿದವರಿಗೆ ಅಷ್ಟು ಸುಲಭದ ದಾರಿ ಶೋಭಿಸುತ್ತದೆಯೇ? ಅವರು ಇನ್ನೂ ಬಣ್ಣ ಕಾಣದ ಕೋರಾ ಬಟ್ಟೆಯ ತುಂಡುಗಳನ್ನು ಎರಡೂ ಡಬ್ಬಿಯಲ್ಲಿ ಅದ್ದಿ, ಒಣಗಿಸಿ, ಸಾಬೂನು ಹಚ್ಚಿ ಒಗೆದರು. ಹಪ್ಪಳದಂತೆ ಸೆಟೆದ ಅವನ್ನು ಬಾಗಿಲ ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು, ಮೂಸಿದರು.

ಪೇಂಟರ್ ಏಣಿಯ ಮೇಲಿಂದಲೇ ಕೇಳಿದ: "ಕಾಕಾ, ಗ್ವಾಡಿಗೆ ಅಂಗಿ ಹೊಲಿಸಾವ್ರೇನ್ರಿ?"

"ಬಣ್ಣ ಬಿಡತೈತೋ ಇಲ್ಲೋ ನೋಡಬೇಕಲ್ಲೊ."

"ಗ್ವಾಡಿ ಯಾರ್ ಒಗೀತಾರ್ರೀ?"

"ಏನಂದಿ?" ಕಾಕಾರ ಕಿವಿಯೂ ಅದೇ ಮಗ್ಗಗಳ ಪಾಲಾಗಿತ್ತು. ಅನುಕೂಲವಲ್ಲದ ಪ್ರಶ್ನೆಗಳಿಗಂತೂ ಪೂರ್ತಿ.

ಪರೀಕ್ಷೆಯಲ್ಲಿ ನೀಲಿ ಗೆದ್ದಿತು. ಪರೀಕ್ಷಕರು ಯಾರೆಂದು ಗೊತ್ತಿದ್ದ ನಮಗೆ ಆಶ್ಚರ್ಯವಾಗಲಿಲ್ಲ.

ಶನಿವಾರ ಹೋದರೆ, ಮಂಚದ ಎದುರಿನ ಗೋಡೆ ಅರ್ಧ ನೀಲಿ, ಅರ್ಧ ಹಳದಿ.

"ಬಾರವ್ವಾ. ಚಸ್ಮಾ ತಗದು ಕಾಕಿ ಮಂಚದ ಮ್ಯಾಲೆ ಕುಂದರು," ಎಂದರು ಕಾಕಾ.

ಕನ್ನಡಕ ತೆಗೆದರೆ ನನಗೂ ಲೋಕವೆಲ್ಲ ಮಂಜು. ಕಾಕಾ ನೀಲಿಯ ಮುಂದೆ ನಿಂತು ಏನೋ ಮಾಡಿದರು.

"ನಾ ಏನ್ ಕೇಳಿದೆ, ಹೇಳು?"

"ಏನೂ ಕಾಣವಲ್ದ್ರಿ ಕಾಕಾ."

ಹಳದಿಯ ಮುಂದೆ ಸರಿದರು. ಈಗ ಅವರ ಕಪ್ಪು ಕೈಗಳು ಎದ್ದು ಕಂಡವು: ಐದು ಬೆರಳು ಕೂಡಿ ಬಾಯಿಗೆ ಹೋಗಿ, ಅಂಗೈ ಮೇಲಾಯಿತು. ಮಗ್ಗಗಳ ಗದ್ದಲದಲ್ಲಿ ಅವರಿಬ್ಬರೂ ಮಾತಾಡುತ್ತಿದ್ದದ್ದು ಹೀಗೆಯೇ, ಕೈಸನ್ನೆಯಲ್ಲಿ. ಕಿವಿ ಹೋದ ಮೇಲೆ ಮನೆಯಲ್ಲೂ ಅದೇ ಭಾಷೆ.

"ಊಟ ಆತೇನು ಅಂತ ಕೇಳಿದ್ರಿ," ಎಂದೆ.

ಕಾಕಾ ಪೇಂಟರ್ ಕಡೆ ತಿರುಗಿದರು. "ಹಳದಿ ಹಚ್ಚು. ನಾಕೂ ಗ್ವಾಡಿಗೆ."

ಆಮೇಲೆ ಕಿಟಕಿಯ ಪಕ್ಕಕ್ಕೆ ಸರಿದು, ಮತ್ತೆ ಕೈ ಎತ್ತಿ ನನ್ನನ್ನು ಕೇಳಿದರು:

"ಇಲ್ಲಿ ನಿಂತ್ರೂ ಕಾಣಸ್ತೇನೋ ಇಲ್ಲೋ?"