ಬತ್ತೀನಿ ಅನ್ನುವ ಮಾತು

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನಬಾರದು. ಮಾವನ ಮನೆಯಲ್ಲಿ ಜಗಳವಾಡಿ, ಇನ್ನು ಈ ಹೊಸಿಲು ತುಳಿದರೆ ಕೇಳಿ ಎಂದು ಚಪ್ಪಲಿ ಮೆಟ್ಟುವ ಅಳಿಯನೂ ಕೊನೆಗೆ ‘ಬತ್ತೀನಿ’ ಎಂದೇ ಗೇಟು ತೆಗೆಯುತ್ತಾನೆ. ಹೋಗುವುದು ಹೆಣ ಮಾತ್ರ ಎಂದು ನಮ್ಮವ್ವ ಗದರಿಸುತ್ತಿದ್ದಳು. ಹೀಗಾಗಿ, ಮಲಾವಿ ದೇಶದಲ್ಲಿ ಮಿಷನರಿಯಾಗಿದ್ದುಕೊಂಡು ‘ಸುಳ್ಳಾಡಬೇಡಿರಿ’ ಎಂದು ಪ್ರಸಂಗ ಮಾಡುವ ನಾನು, ಪ್ರತಿ ಸಲ ಅರಸೀಕೆರೆ ಬಿಡುವಾಗ ‘ಬತ್ತೀನವ್ವ’ ಎಂದು ಹೇಳಿ, ನಾಲ್ಕೈದು ವರ್ಷ ಇತ್ತ ತಲೆಯೇ ಹಾಕುತ್ತಿರಲಿಲ್ಲ.

ಈ ವ್ಯವಸ್ಥೆ ಸುಸೂತ್ರವಾಗಿಯೇ ನಡೆದಿತ್ತು. ಕೆಡಿಸಿದವಳು ನನ್ನ ಮಗಳು ಕೃಪಾ. ಅವಳು ಹುಟ್ಟಿ ಬೆಳೆದದ್ದು ಮಲಾವಿಯಲ್ಲೇ. ಹೆಂಡತಿ ಸುಗುಣ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್, ಅವಳಿಗೆ ಬಿಡುವಿಲ್ಲ. ಮಗಳಿಗೆ ಕನ್ನಡ ಕಲಿಸುವ ಹೊಣೆ ಹೊತ್ತ ನನ್ನ ಹತ್ತಿರ ಇದ್ದ ಒಂದೇ ಕನ್ನಡ ಪುಸ್ತಕ ಬೈಬಲ್. ಅದರ ಫಲ ಹೋದ ಸಲದ ರಜೆಯಲ್ಲಿ ಗೊತ್ತಾಯಿತು. ಬೇಲೂರು ತೋರಿಸೋಣವೆಂದು ಬಸ್ಸು ಹತ್ತಿಸಿದ್ದೆ. ಜಾವಗಲ್ ದಾಟುತ್ತಲೇ ಹತ್ತು ವರ್ಷದ ಈ ಹುಡುಗಿ ಕಿಟಕಿಯಾಚೆ ಬೆರಳು ಚಾಚಿ, “ಇಗೋ, ಎಮ್ಮೆಗಳ ಹಿಂಡು!” ಎಂದಳು. ಆಮೇಲೆ ಕಂಡಕ್ಟರ್ ಕಡೆ ತಿರುಗಿ, “ಅಯ್ಯಾ, ಹಳೇಬೀಡು ಸಮೀಪಿಸಿತೋ?” ಎಂದು ಕೇಳಿದಳು. ಆತ ಟಿಕೆಟ್ ಕೊಡುವುದನ್ನು ಬಿಟ್ಟು ನನ್ನನ್ನು ನೋಡಿ, “ನಾಟ್ಕದ ಕಂಪ್ನಿಯೋರಾ ಸಾ?” ಎಂದ. ಪಾಸ್ಟರ್ ಎನ್ನಲು ನಾಚಿಕೆಯಾಗಿ ಹೌದೆಂದುಬಿಟ್ಟೆ.

ಅವ್ವ ನನ್ನ ತಂಗಿಯ ಮನೆಯಲ್ಲಿದ್ದಳು. ಹೃದಯ ಸೋತಿದೆ, ಹೆಚ್ಚು ದಿನ ಕಷ್ಟ ಎಂದು ಡಾಕ್ಟರು ಹೇಳಿದ್ದು ಮನೆಯವರಿಗೆಲ್ಲ ಗೊತ್ತಿತ್ತು, ಅವ್ವನಿಗೂ. ಆದರೂ ಮೊಮ್ಮಗಳ ಪಕ್ಕ ಕೂತು ತಾನೇ ಮುದ್ದೆ ಮುರಿದು ಕೊಡುತ್ತಿದ್ದಳು. “ಇನ್ನೊಸಿ ಇಕ್ಲಾ ಮಗ?” ಎಂದರೆ ಇವಳು, “ಬೇಡ ಅಜ್ಜೀ, ನಾನು ತೃಪ್ತಳಾದೆನು” ಎನ್ನುವಳು. ಅವ್ವ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಅಷ್ಟು ನಕ್ಕರೂ ಅವಳಿಗೆ ಏದುಸಿರು. ನನಗೆ ನೋಡಲಾಗುತ್ತಿರಲಿಲ್ಲ. ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಹೊರಡುವ ದಿನ ಸ್ಟೇಷನ್ನಿಗೆ ಆಟೋ ಬಂದು ನಿಂತಿತ್ತು. ನಾನು ‘ಬತ್ತೀನವ್ವ’ ಅಂದೆ. ಸುಗುಣ ‘ಬತ್ತೀವಿ ಅತ್ತೆ’ ಅಂದಳು. ಕೃಪಾ ಮಾತ್ರ ನನ್ನ ಮುಖ ನೋಡಿ, “ಯಾವಾಗ ಬರುತ್ತೇವೆ ಅಪ್ಪಾ?” ಎಂದಳು. ನಾನು ಬಗ್ಗಿ ಸೂಟ್‌ಕೇಸು ಎತ್ತಿಕೊಂಡೆ. ಅವಳು ಒಂದು ಗಳಿಗೆ ಕಾದು ನೋಡಿದಳು. ಆಮೇಲೆ ಅಜ್ಜಿಯ ಕೈ ಹಿಡಿದು, “ಅಜ್ಜೀ, ನಾವು ಹೋಗುತ್ತೇವೆ” ಎಂದಳು.

“ಬಿಡ್ತು ಅನ್ನೇ!” ಎಂದು ತಂಗಿ ಚೀರಿದಳು.

“ಬೈಬ್ಯಾಡ ಕಣೇ,” ಎಂದಳು ಅವ್ವ, ಮೊಮ್ಮಗಳ ತಲೆ ನೇವರಿಸುತ್ತ. “ಇಷ್ಟು ವರ್ಸದಲ್ಲಿ ದಿಟ ಹೇಳಿ ಹೊಂಟೋಳು ಇವಳೊಬ್ಳೇ.”

ಸ್ಟೇಷನ್ ಮುಟ್ಟುವ ತನಕ ನನ್ನ ಅಳು ನಿಲ್ಲಲಿಲ್ಲ.

ದಸರಾ ಕಳೆಯುವಷ್ಟರಲ್ಲಿ ಅವ್ವ ಹಾಸಿಗೆ ಹಿಡಿದಳು. ತಂಗಿ ಫೋನನ್ನು ಅವಳ ಕಿವಿಗಿಟ್ಟು ಹಿಡಿದುಕೊಳ್ಳುತ್ತಿದ್ದಳು. ಮಾತು ಮುಗಿದಾಗ ಯಾವತ್ತೂ “ಮಡಗ್ಲಾ?” ಎನ್ನುತ್ತಿದ್ದ ಅವ್ವ ಒಂದು ದಿನ, “ಬತ್ತೀನಿ ಕಣೋ” ಎಂದಳು. ಮರುದಿನ ಅವಳಿರಲಿಲ್ಲ. ನಾನು ವಿಮಾನದ ಟಿಕೆಟ್ ಹುಡುಕುವಷ್ಟರಲ್ಲಿ ಊರಿನಲ್ಲಿ ಮಣ್ಣು ಮುಗಿದಿತ್ತು. ನನಗೆ ಕಲಿಸಿಕೊಟ್ಟ ಮಾತನ್ನೇ ನನಗೆ ಹೇಳಿ ಹೋಗಿದ್ದಳು.

ಸುದ್ದಿ ಕೇಳಿ ಕೃಪಾ ಬಹಳ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ಅಜ್ಜಿ ಬರುತ್ತೇನೆ ಅಂದರಲ್ಲವೇ? ಸತ್ತವರು ಎದ್ದು ಬರುವರೆಂದು ನೀನೇ ಹೇಳುತ್ತೀಯಲ್ಲ?” ಎಂದಳು.

“ಹೌದು ಮಗಳೇ, ಬರುತ್ತಾರೆ.”

“ಯಾವಾಗ ಅಪ್ಪಾ?”

ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಲೆಂದೇ ನನ್ನನ್ನು ಸಮುದ್ರ ದಾಟಿಸಿ, ಮನೆ ಕೊಟ್ಟು, ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ. ನಾನು ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ.