ಕುಹುಲಿನ್ ಎಂಬ ಹುಲಿ

ನಮ್ಮೂರು ಶಿವನಿಯಲ್ಲಿ ಹೈಸ್ಕೂಲು ಪಾಸಾದವನು ನಾನೊಬ್ಬನೇ ಇದ್ದ ಕಾಲ. ನನಗೆ ತಿಳಿಯದ ಪದ ಇಂಗ್ಲಿಷಿನಲ್ಲಿ ಒಂದೂ ಉಳಿದಿಲ್ಲವೆಂದು ನಂಬಿದ್ದೆ. ಆ ನಂಬಿಕೆಯಿಂದ ಒಬ್ಬ ಮಹಾನುಭಾವರಿಗೆ ಮಾಡಿದ ದ್ರೋಹವನ್ನು ಈ ವಯಸ್ಸಿನಲ್ಲಾದರೂ ಒಪ್ಪಿಕೊಳ್ಳಬೇಕು.

ಅವರು ಐರ್ಲೆಂಡಿನ ವಿದ್ವಾಂಸರು. ತಮ್ಮ ನಾಡಿನ ಪುರಾತನ ವೀರರ ಕಥೆಗಳನ್ನು ಮುದುಕರ ಬಾಯಿಂದ ಕೇಳಿ ಬರೆದುಕೊಳ್ಳುತ್ತಲೇ ಕೂದಲು ನೆರೆಸಿಕೊಂಡವರು. ನಂಜೇಗೌಡರ ತೆಂಗಿನ ತೋಟದಲ್ಲಿ ಅಪರೂಪದ ವೀರಗಲ್ಲೊಂದಿದೆಯೆಂದು ಕೇಳಿ, ಅದನ್ನು ನೋಡಲೆಂದೇ ಬೆಳಗಿನ ರೈಲಿಗೆ ಬಂದಿಳಿದಿದ್ದರು. ಮಧ್ಯಾಹ್ನದ ರೈಲು ಹಿಡಿದು, ಮುಂದೆ ಊರಿಗೆ ಹಡಗು ಹತ್ತುವವರು. ದುಭಾಷಿ ನಾನು!

ಗೌಡರು ಆ ಕಲ್ಲನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಏಕೆಂಬುದು ನನ್ನ ಹೊಸ ಹೆಂಡತಿಗೆ ಗೊತ್ತಿತ್ತು. ಅವಳು ಗೌಡರ ತಂಗಿಯ ಮಗಳು. ಆದರೆ ಅವಳು ಹೈಸ್ಕೂಲು ಓದಿರಲಿಲ್ಲ. ಹಾಗಾಗಿ ನಾನು ಕೇಳಲಿಲ್ಲ.

ಆ ಬಿಳಿಯ ದೊರೆ ಗೌಡರ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಳನೀರು ಕುಡಿದು, ತಮ್ಮ ನಾಡಿನ ಮಹಾವೀರನ ಕಥೆ ಹೇಳಿದರು. ಎಳೆಯ ವಯಸ್ಸಿನಲ್ಲೇ ಅವನು, ಮೈಮೇಲೆ ಬಿದ್ದ ಕಮ್ಮಾರನ ಕಾವಲುನಾಯಿಯನ್ನು ಕೊಂದನಂತೆ. ಕಮ್ಮಾರನ ದುಃಖ ನೋಡಲಾರದೆ, ಬೇರೆ ಮರಿ ಬೆಳೆಯುವ ತನಕ ನಿನ್ನ ಮನೆ ನಾನೇ ಕಾಯುತ್ತೇನೆ ಎಂದನಂತೆ. ಅಂದಿನಿಂದ ಅವನ ಹೆಸರು ಕುಹುಲಿನ್. ಎಂದರೆ, ಆ ಕಮ್ಮಾರನ ನಾಯಿ. ಕಡೆಗೆ ಯುದ್ಧದಲ್ಲಿ ಗಾಯಗೊಂಡಾಗ, ಬಿದ್ದು ಸಾಯಬಾರದೆಂದು ಕಲ್ಲಿನ ಕಂಬಕ್ಕೆ ತನ್ನನ್ನು ಕಟ್ಟಿಕೊಂಡು ನಿಂತೇ ಸತ್ತನಂತೆ. ಹೇಳುತ್ತ ದೊರೆಯ ಕಣ್ಣು ಒದ್ದೆಯಾಯಿತು. ನನ್ನ ಮೈ ಜುಮ್ಮೆಂದಿತು.

ಇಂಥವನನ್ನು ನಾಯಿ ಎನ್ನುವುದೇ? ಹೆಸರಿನೊಳಗೇ ಸಾಕ್ಷಾತ್ ಹುಲಿ ಕೂತಿದೆ! ದೊರೆ ಬಾಯಿತಪ್ಪಿ ಆಡಿದ್ದಾರೆಂದು ನಾನೇ ತಿದ್ದಿದೆ.

"ಗೌಡ್ರೇ, ಅವನ ಹೆಸರೇ ಹುಲಿ. ನಾಯಿಯಂಥ ಹೀನ ಪ್ರಾಣೀನ ಒಂದೇ ಏಟಿಗೆ ಕೊಂದ."

ಗೌಡರ ಮುಖ ಕಪ್ಪಿಟ್ಟಿತು. "ಹುಲಿ ವಂಶದೋರಿಗೆ ನಮ್ಮ ಕಲ್ಲು ಯಾಕೆ? ಆಗಕಿಲ್ಲ ಅನ್ನು ಕಣಪ್ಪಾ" ಎಂದು ಒಳಕ್ಕೆ ನಡೆದರು.

ದೊರೆ ತಲೆ ತಗ್ಗಿಸಿ ಸ್ಟೇಷನ್ನಿಗೆ ಹೊರಟರು. ನನ್ನ ಭಾಷಾಂತರಕ್ಕೆ ವಂದನೆ ಬೇರೆ ಹೇಳಿದರು!

ಮನೆಯಲ್ಲಿ ನನ್ನ ವರದಿ ಕೇಳಿದ ಹೆಂಡತಿ ಒನಕೆ ಕೆಳಗಿಟ್ಟಳು.

"ಅದು ನಾಯಿ ಕಲ್ಲು ಕಣ್ರೀ. ನಮ್ಮ ಮುತ್ತಾತನ್ನ ಉಳಿಸೋಕೆ ಕಾಡುಹಂದಿ ಜೊತೆ ಹೊಡೆದಾಡಿ ಸತ್ತ ನಾಯೀದು. ಜನ ಆಡ್ಕೊಂಡು ನಗ್ತಾರೆ ಅಂತ ಮಾವ ತೋರಿಸಲ್ಲ. ದೊರೆ ನಾಯಿ ಅಂದಿದ್ನ ನೀವೂ ನಾಯಿ ಅಂದಿದ್ರೆ, ಮಾವ ಅವರ ಕೈ ಹಿಡ್ಕೊಂಡು ಕರ್ಕೊಂಡೋಗ್ತಿದ್ರು."

ಸ್ಟೇಷನ್ನಿಗೆ ಓಡಿದೆ. ಹೊಗೆ ಮಾತ್ರ ಇತ್ತು.

ಮರುದಿನ ಗೌಡರ ಕಾಲಿಗೆ ಬಿದ್ದು ನಿಜ ಹೇಳಿದೆ. ಅವರು ತೋಟಕ್ಕೆ ಹೋಗಿ, ಕಲ್ಲಿನ ಮುಂದೆ ಎರಡು ಹೂ ಇಟ್ಟರು. ಒಂದು ತಮ್ಮ ನಾಯಿಗೆ, ಒಂದು ಆ ದೂರದ ನಾಯಿಗೆ.

ಊರಿನವರು ಮಾತ್ರ ಅಂದಿನಿಂದ ನನ್ನನ್ನು ಹುಲಿ ಎಂದೇ ಕರೆಯುತ್ತಾರೆ. ನಾಯಿ ಎನ್ನಿಸಿಕೊಳ್ಳುವ ಯೋಗ್ಯತೆ ನನಗೆಲ್ಲಿದೆ?