ಪುಣೆಯ ನೋಟ್ಸು, ಜಗಳೂರಿನ ಪಾಲು

ಲಾ ಓದುವ ಹುಡುಗರು ಈಗಲೂ ನನ್ನ ಬಳಿ ಬಂದು, ಮೊದಲನೇ ವರ್ಷದ ಪರೀಕ್ಷೆಗೆ ಹೇಗೆ ಓದಬೇಕೆಂದು ಕೇಳುವುದುಂಟು. ಈ ವಿಷಯದಲ್ಲಿ ನನ್ನಷ್ಟು ಅಧಿಕಾರದಿಂದ ಮಾತಾಡಬಲ್ಲವರು ಚನ್ನಗಿರಿಯಿಂದ ಜಗಳೂರಿನವರೆಗೆ ಇನ್ನೊಬ್ಬರಿಲ್ಲ. "ನಾನು ಓದಿದ ಹಾಗೆ ಓದಬೇಡಿ" ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳುವುದಿಲ್ಲ.

ಮೂವತ್ತೈದನೇ ಇಸವಿಯ ಮಾತು. ನ್ಯಾಮತಿಯ ನಮ್ಮ ಕೇರಿಯಿಂದ ಲಾ ಓದಲು ಪುಣೆಗೆ ಹೋದವನು ನಾನೊಬ್ಬನೇ. ಅಲ್ಲಿಯ ಪುಸ್ತಕಗಳು ಒಂದೊಂದೂ ಕೂರುವ ಮಣೆಯಷ್ಟು ದಪ್ಪ. ಅವನ್ನು ನೋಡಿಯೇ ನನಗೆ ಜ್ವರ ಬಂತು. ಆಗ ಗುರುವಾಗಿ ಒದಗಿದವರು ಅಲ್ಲೇ ಓದುತ್ತಿದ್ದ ಹೊನ್ನಾಳಿಯ ರುದ್ರಪ್ಪ. ಅವರು ಮೊದಲನೇ ವರ್ಷದ ಪರೀಕ್ಷೆಯನ್ನು ಮೂರು ಸಲ ಬರೆದವರು. ಅಷ್ಟು ಅನುಭವ ನಮ್ಮ ಪ್ರೊಫೆಸರರಿಗೂ ಇರಲಿಲ್ಲ.

"ಪುಸ್ತಕ ಮುಟ್ಟಾಕೆ ಹೋಗಬ್ಯಾಡ. ನನ್ನ ನೋಟ್ಸ್ ಐತೆ, ಬಾಯಿಪಾಠ ಮಾಡು" ಎಂದರು. "ಇನ್ನೊಂದು ಮಾತು. ಉತ್ತರದಾಗೆ ಅನುಮಾನ ತೋರಿಸಬ್ಯಾಡ. ಮೊದಲನೇ ಸಾಲಿನಾಗೇ ತೀರ್ಪು ಕೊಟ್ಟುಬಿಡು."

"ನೀವೂ ಹಂಗೇ ಬರೆದ್ರೇನ್ರಿ?"

"ಬರೆದೆ. ತೀರ್ಪು ತಪ್ಪಾತು, ಅಷ್ಟೇಯ."

ಓದಿದ್ದನ್ನು ನಾಲ್ಕು ಜನಕ್ಕೆ ಹೇಳಿದರೆ ಮರೆಯುವುದಿಲ್ಲ ಎಂಬುದು ಅವರ ಮೂರನೆಯ ಉಪದೇಶ. ಪರೀಕ್ಷೆಯ ಮುಂಚಿನ ರಜೆಯಲ್ಲಿ ಊರಿಗೆ ಬಂದವನೇ ಜಗಲಿಯ ಮೇಲೆ ಕೂತು ನೋಟ್ಸನ್ನು ಗಟ್ಟಿಯಾಗಿ ಓದತೊಡಗಿದೆ. ನಮ್ಮ ಕಡೆ ಮಠದಲ್ಲಿ ಪುರಾಣ ನಡೆದರೆ ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಉಳಿದವರು ಕಂಬಕ್ಕೆ ಒರಗಿ ತಲೆದೂಗುತ್ತಾರೆ. ನಮ್ಮ ಜಗಲಿಗೂ ಹಿರಿಯರು ಬಂದು ಒರಗಿದರು. ಓದುವವನೂ ನಾನೇ, ಅರ್ಥ ಹೇಳುವವನೂ ನಾನೇ. ಮೂರನೇ ದಿನ ಯಾರೋ ತೆಂಗಿನಕಾಯಿ ತಂದಿಟ್ಟರು. ನಾಲ್ಕನೇ ದಿನ ಇಬ್ಬರು ಒಂದು ಎಮ್ಮೆಯ ತಕರಾರು ತಂದಿಟ್ಟರು! ನಾನು ಮೊದಲನೇ ಸಾಲಿನಲ್ಲೇ ತೀರ್ಪು ಕೊಟ್ಟೆ. ಅಲ್ಲಿಯವರೆಗೆ ಬರೀ ಮಾತು ಬಿಟ್ಟಿದ್ದ ಆ ಇಬ್ಬರೂ ಅಂದಿನಿಂದ ನಡೆಯುವ ದಾರಿಯನ್ನೂ ಬೇರೆ ಮಾಡಿಕೊಂಡರು. ನನ್ನ ಹೆಸರು ಮಾತ್ರ ಜಗಳೂರಿನವರೆಗೆ ಹಬ್ಬಿತು.

ಜಗಳೂರು ನನ್ನ ಅಕ್ಕ ಗೌರಮ್ಮನನ್ನು ಕೊಟ್ಟ ಊರು. ಭಾವ ತೀರಿಕೊಂಡು ವರ್ಷವಾಗಿತ್ತು. ಗಂಡುಮಕ್ಕಳಿರಲಿಲ್ಲ, ಐದು ವರ್ಷದ ಒಬ್ಬಳೇ ಮಗಳು. ಭಾವನ ಅಣ್ಣ ಬಸವಣ್ಣೆಪ್ಪನವರೂ ಅವರ ಕಿರಿಯ ತಮ್ಮನೂ ಈಗ ಬೇರೆಯಾಗಲು ಹೊರಟಿದ್ದರು. ಪಾಲಿನ ದಿನ ಸೊಸೆಯ ತವರಿನವರೊಬ್ಬರು ಪಂಚರ ಜೊತೆ ಕೂರುವುದು ಪದ್ಧತಿ. ನಮ್ಮಪ್ಪ ಬದುಕಿರಲಿಲ್ಲ. ನಾನೇ ಹೋದೆ, ನೋಟ್ಸಿನ ಸಮೇತ.

ಪಂಚರ ಮುಂದೆ ಬಸವಣ್ಣೆಪ್ಪನವರು ಕೈಮುಗಿದು ಹೇಳಿದರು: "ನೋಡ್ರಿ ಬೀಗ್ರೆ, ಹೊಸಾ ಕಾಯ್ದೆ ಬಂದೈತಂತೆ. ಗಂಡುಮಕ್ಕಳಿಲ್ಲದ ತಮ್ಮನ ಹೆಂಡ್ತಿಗೂ ಪಾಲು ಕೊಡಬೇಕಂತೆ. ಅದಕ್ಕೇ ಬಾವಿ ಪಕ್ಕದ ನಾಕೆಕರೆ ಗೌರವ್ವನ ಹೆಸರಿಗೆ ಅಂತ ತೆಗೆದಿಟ್ಟಿದೀವಿ. ಕಾಯ್ದೆ ಹೌದೋ ಅಲ್ಲೋ, ಓದಿದೋರು ನೀವೇ ಹೇಳಿಬಿಡ್ರಿ."

ಬಾಯಿ ಬಾರದವನಾದರೂ ಇಲ್ಲಿ ತಲೆಯಾಡಿಸಿ ಬರುತ್ತಿದ್ದ. ಆದರೆ ನನ್ನ ಕಿವಿಗೆ ಅಕ್ಕನ ಹೊಲ ಬೀಳಲಿಲ್ಲ, ಪರೀಕ್ಷೆಯ ಪ್ರಶ್ನೆ ಬಿತ್ತು. ಅದೂ ರುದ್ರಪ್ಪನವರು ಕೆಂಪು ಗೆರೆ ಎಳೆದಿದ್ದ ಪ್ರಶ್ನೆ. ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

"ಅಂಥ ಕಾಯಿದೆ ಇಲ್ಲ. ಖಂಡಿತವಾಗಿ ಇಲ್ಲ. ಅವಿಭಕ್ತ ಕುಟುಂಬದಲ್ಲಿ ತೀರಿಹೋದವನ ವಿಧವೆಗೆ ಅನ್ನ, ಬಟ್ಟೆ, ಇರಲು ಜಾಗ ಉಂಟು. ಪಾಲಿಲ್ಲ."

ಕೇಳದಿದ್ದರೂ ಮೂರು ಕಾರಣಗಳನ್ನು ಕೊಟ್ಟೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ.

ಪಂಚರಲ್ಲಿ ಹಿರಿಯರೊಬ್ಬರು ಹೊಗೆಸೊಪ್ಪು ಉಗುಳಿ ಬಂದು, "ಇನ್ನೊಂದು ಸಲ ಯೋಚನೆ ಮಾಡಿ ಹೇಳಪ್ಪ. ಆಕೆ ನಿನ್ನ ಅಕ್ಕ" ಎಂದರು.

"ಕಾನೂನಿಗೆ ಅಕ್ಕ ತಂಗಿ ಇಲ್ಲ ಯಜಮಾನ್ರೆ" ಎಂದೆ. ಈ ಮಾತು ನೋಟ್ಸಿನಲ್ಲಿರಲಿಲ್ಲ. ನನ್ನ ಸ್ವಂತದ್ದು.

ಬಾಗಿಲ ಮರೆಯಿಂದ ಅಕ್ಕ, "ನನ್ನ ತಮ್ಮ ಓದ್ಯಾನೆ. ಆತ ಅಂದದ್ದೇ ಸೈ" ಎಂದಳು. ಅವಳ ದನಿಯಲ್ಲಿ ಹಿಗ್ಗಿತ್ತು. ಇಡೀ ಪಂಚಾಯ್ತಿಯ ಬಾಯಿ ಮುಚ್ಚಿಸಿದ ತಮ್ಮ! ಆ ಹಿಗ್ಗಿನಲ್ಲೇ ಅವಳು ತನಗೆ ಪಾಲು ಬೇಡವೆಂಬ ಪತ್ರಕ್ಕೆ ರುಜು ಹಾಕಿದಳು. ವಾರದೊಳಗೆ ಪತ್ರ ರಿಜಿಸ್ಟರೂ ಆಯಿತು. ಬಾವಿ ಪಕ್ಕದ ನಾಲ್ಕೆಕರೆ ಕಿರಿಯವನ ಪಾಲಿಗೆ ಹೋಯಿತು. ಅಕ್ಕ ಮತ್ತು ಮಗು ಆರು ತಿಂಗಳು ಹಿರಿಯವರ ಮನೆಯಲ್ಲಿ, ಆರು ತಿಂಗಳು ಕಿರಿಯವನ ಮನೆಯಲ್ಲಿ ಉಣ್ಣುವುದೆಂದು ತೀರ್ಮಾನವಾಯಿತು.

ಎಲ್ಲ ಮುಗಿಸಿ ಊರಿಗೆ ಹಿಂದಿರುಗುವಾಗ ಚನ್ನಗಿರಿಯಲ್ಲಿ ಬಸ್ಸಿಳಿದೆ. ಪಾಸಾದ ಮೇಲೆ ಅಲ್ಲಿಯ ಹಳೆಯ ವಕೀಲರೊಬ್ಬರ ಕೈಕೆಳಗೆ ಸೇರಬೇಕೆಂಬ ಆಸೆ ನನ್ನದು. ನನ್ನ ಯೋಗ್ಯತೆ ತಿಳಿಯಲೆಂದು ಜಗಳೂರಿನ ಪ್ರಸಂಗವನ್ನು ವರ್ಣಿಸಿದೆ. ಅವರು ಕನ್ನಡಕ ತೆಗೆದು ಕೆಳಗಿಟ್ಟರು.

"ಜಗಳೂರು ಯಾವ ಸೀಮೆನಪ್ಪ?"

"ನಮ್ಮ ಮೈಸೂರು ಸಂಸ್ಥಾನ."

"ನಿನ್ನ ನೋಟ್ಸು?"

"ಪುಣೇದು."

"ಹರಿಹರದ ಹೊಳೆ ದಾಟಿದ್ರೆ ಇಂಗ್ಲಿಷರ ಸೀಮೆ, ಆ ಕಡೆ ನೀನು ಹೇಳಿದ್ದು ಸರಿ. ಈ ಕಡೆ ಮಹಾರಾಜರ ಸರ್ಕಾರ ಆಗಲೇ ಕಾಯ್ದೆ ಮಾಡೈತೆ. ನಿಮ್ಮಕ್ಕಂಗೆ ಪಾಲಿತ್ತು."

ಹೊಳೆಯನ್ನು ರೈಲಿನಲ್ಲಿ ಎಷ್ಟು ಸಲ ದಾಟಿದ್ದೆ! ಕಿಟಕಿಯಿಂದ ನೀರಿಗೆ ಕಾಸು ಎಸೆದು ಕೈಮುಗಿದಿದ್ದೆನೇ ಹೊರತು ಅಲ್ಲಿ ಕಾನೂನು ಬದಲಾಗುತ್ತದೆಂದು ನನಗೆ ಹೊಳೆದಿರಲಿಲ್ಲ. ವಕೀಲರೇ ಮರುಗಿ, "ದಾವಾ ಹಾಕಬೌದು. ತಮ್ಮನ ತಪ್ಪು ಮಾತು ನಂಬಿ ರುಜು ಹಾಕಿದೆ ಅಂತ ಆಕೆ ಹೇಳಬೇಕಾಕ್ಕತೆ" ಎಂದರು.

ಮರುಬಸ್ಸಿಗೆ ಜಗಳೂರಿಗೆ ಹೋದೆ. ಮೊದಲು ಬಸವಣ್ಣೆಪ್ಪನವರನ್ನು ಕಂಡೆ. "ನನ್ನದೇನೂ ಇಲ್ಲರೀ ಬೀಗ್ರೆ. ನಮ್ಮ ತಮ್ಮ ಒಪ್ಪಾಕಿಲ್ಲ. ಕೊಡ್ತೀವಿ ಅಂದಾಗ ಬ್ಯಾಡ ಅಂದೋರು ನೀವೇ ಅಲ್ಲೇನು" ಎಂದರು.

ಅಕ್ಕ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಒಂದು ಮುಷ್ಟಿ ಸುಲಿದು ಮುಗಿಸಿದಳು.

"ಹಂಗಾರೆ ಆ ಹೊಲ ನಂದೇ ಆಗಿತ್ತೇನು?"

"ಹೌದಕ್ಕ. ದಾವಾ ಹಾಕಾನ. ತಮ್ಮ ತಪ್ಪು ಹೇಳಿದ ಅಂತ ಕೋರ್ಟಿನಾಗೆ ಒಂದು ಮಾತಂದ್ರೆ ಸಾಕು."

"ನನ್ನ ತಮ್ಮಂಗೆ ಏನೂ ತಿಳಿಯಾಕಿಲ್ಲ ಅಂತ ನಾನೇ ಕಟಕಟೆ ಹತ್ತಿ ಹೇಳ್ಲಾ? ಆಮ್ಯಾಲೆ ನಿನ್ನ ಹತ್ರ ಯಾರು ಕೇಸು ತರ್ತಾರೆ?" ಎಂದಳು. ಇನ್ನೊಂದು ಮುಷ್ಟಿ ಕೈಗೆತ್ತಿಕೊಂಡು, "ಹೋಗು, ಓದ್ಕೋ. ಪರೀಕ್ಷೆ ಹತ್ರ ಬಂತು" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದಾವಣಗೆರೆಯ ಸ್ಟೇಷನ್ನಿನವರೆಗೂ ನಾನು ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅತ್ತೆ. ಪಕ್ಕದವರು ಕಣ್ಣಿಗೆ ಧೂಳು ಬಿತ್ತೇನೋ ಎಂದು ಕಿಟಕಿ ಮುಚ್ಚಿದರು.

ಪರೀಕ್ಷೆಯಲ್ಲಿ ಹಿಂದೂ ಕಾನೂನಿನ ಪತ್ರಿಕೆಯ ಮೊದಲ ಪ್ರಶ್ನೆ ಅದೇ ಬಂತು: ಅವಿಭಕ್ತ ಕುಟುಂಬದ ವಿಧವೆಯ ಹಕ್ಕುಗಳೇನು? ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದೆ. ಪರೀಕ್ಷೆ ನಡೆಯುತ್ತಿದ್ದದ್ದು ಪುಣೆಯಲ್ಲಿ, ಹೊಳೆಯ ಆಚೆ ಕಡೆ. ಅನ್ನ, ಬಟ್ಟೆ, ಇರಲು ಜಾಗ, ಪಾಲಿಲ್ಲ ಎಂದು ಮೂರು ಕಾರಣ ಸಮೇತ ಬರೆದೆ. ಆ ಪತ್ರಿಕೆಯಲ್ಲಿ ಇಡೀ ತರಗತಿಗೆ ನಾನೇ ಮೊದಲಿಗನಾದೆ.

ಫಲಿತಾಂಶ ಬಂದಾಗ ಅಕ್ಕ ಕಿರಿಯವನ ಮನೆಯಲ್ಲಿ ಉಣ್ಣುವ ಆರು ತಿಂಗಳು ನಡೆಯುತ್ತಿತ್ತು. ಹೋಗಿ ಹೇಳಿದೆ. ಅವಳ ಮುಖ ಅರಳಿತು. "ತಡಿ, ಬಾಯಿ ಸಿಹಿ ಮಾಡ್ತೀನಿ" ಎಂದು ಒಳಗೆ ನಡೆದವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

"ಒಂದು ಚಿಟಿಕೆ ಸಕ್ಕರೆ ಕೊಡ್ತೀಯೇನವ್ವ? ನನ್ನ ತಮ್ಮ ಪಾಸಾಗ್ಯಾನೆ" ಎಂದು ಓರಗಿತ್ತಿಯನ್ನು ಕೇಳಿದಳು.

ಒಳಗೆ ಪಾತ್ರೆಗಳ ಸದ್ದು ಆಗುತ್ತಲೇ ಇತ್ತು. ಓರಗಿತ್ತಿಗೆ ಕೈಬಿಡುವಾಗುವವರೆಗೂ ಅಕ್ಕ ಅಂಗೈ ಚಾಚಿ ನಿಂತೇ ಇದ್ದಳು. ಹಿಂದೂ ಕಾನೂನಿನಲ್ಲಿ ತರಗತಿಗೇ ಮೊದಲಿಗನಾದ ನಾನು, ಸಿಹಿ ಬರುತ್ತದೆಂದು ನಡುಮನೆಯಲ್ಲಿ ಕಾಯುತ್ತ ಕೂತಿದ್ದೆ.